ಮನೆಯೊಳಗಿನ ಲೂಪ್ ಆಂಟೆನಾ: ಯಾರ ಮನೆಗೆ ಯಾವುದು?

ಕರೆಂಟು ಹೋದಾಗ ಮಾತ್ರ ನಮ್ಮ ಮನೆಯಲ್ಲಿ ಭದ್ರಾವತಿ ಸ್ಟೇಷನ್ ಚೆನ್ನಾಗಿ ಕೇಳುತ್ತಿತ್ತು. ಅಪ್ಪ ತರೀಕೆರೆ ಕಡೆಯವರು. ಮೈಸೂರಿನ ಈ ಫ್ಲ್ಯಾಟಿಗೆ ಬಂದು ಎಷ್ಟೋ ವರ್ಷವಾದರೂ ಅವರಿಗೆ ಬೇಕಾದದ್ದು ಭದ್ರಾವತಿ ಆಕಾಶವಾಣಿಯೇ. ಸಂಜೆ ರೇಡಿಯೊ ಹಾಕಿದರೆ ಗೊರ್ರೆನ್ನುವ ಸದ್ದಿನ ಅಡಿಯಲ್ಲಿ ಎಲ್ಲೋ ಮಾತು ಹೂತುಹೋಗಿರುತ್ತಿತ್ತು. ಕರೆಂಟು ಹೋದ ಮರುಕ್ಷಣ ಗೊರಗೊರ ನಿಂತು ದನಿ ತಿಳಿಯಾಗುತ್ತಿತ್ತು. ಕರೆಂಟು ಬಂದಾಗ ಎಲ್ಲರೂ ಸಮಾಧಾನಪಟ್ಟರೆ ಅಪ್ಪನ ಮುಖ ಮಾತ್ರ ಸಪ್ಪಗಾಗುತ್ತಿತ್ತು.

ಅವರಿಗಾಗಿ ಮೊದಲ ಲೂಪ್ ಆಂಟೆನಾ, ಅಂದರೆ ತಂತಿಯನ್ನು ಸುತ್ತಾಗಿ ಕಟ್ಟಿ ರೇಡಿಯೊ ಅಲೆ ಹಿಡಿಯುವ ಸಾಧನ, ಕಟ್ಟಿದೆ. ಆಮೇಲೆ ಬೇರೆಬೇರೆ ಅಳತೆಯಲ್ಲಿ, ಬೇರೆಬೇರೆ ಬಗೆಯಲ್ಲಿ ಕಟ್ಟುತ್ತಾ ಹೋದೆ. ಈಗ ಪರಿಚಯದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ರಟ್ಟಿನ ಪೆಟ್ಟಿಗೆಗೆ ತಂತಿ ಸುತ್ತಿದರೆ ಸಾಕಾ, ಮರದ ದೊಡ್ಡ ಚೌಕಟ್ಟೇ ಬೇಕಾ, ಫೆರೈಟ್ ಕಡ್ಡಿ (ರೇಡಿಯೊದೊಳಗೆ ಇರುವ ಕಾಂತಗುಣದ ಕಪ್ಪು ಕಡ್ಡಿ) ಒಳ್ಳೆಯದಾ, ಆಂಪ್ಲಿಫೈಯರ್ ಇರುವ ರೆಡಿಮೇಡ್ ಲೂಪ್ ತರಿಸಿಬಿಡಲಾ? ನಾಲ್ಕೂ ಕೆಲಸ ಮಾಡುತ್ತವೆ. ಆದರೆ ಒಬ್ಬರ ಮನೆಗೆ ಸರಿಹೋದದ್ದು ಪಕ್ಕದ ಮನೆಗೂ ಸರಿಹೋಗಬೇಕೆಂದಿಲ್ಲ.

ತಂತಿ ಕೊಳ್ಳುವ ಮೊದಲು ಒಂದು ಸಂಜೆಯ ಕೆಲಸ

ರೇಡಿಯೊವನ್ನು ಸೆಲ್ ಮೇಲೆ ಹಾಕಿ, ನಿಮಗೆ ಬೇಕಾದ ಸ್ಟೇಷನ್ ಹಿಡಿದು, ಮನೆಯ ಮೇನ್ ಎಂಸಿಬಿ, ಅಂದರೆ ಇಡೀ ಮನೆಯ ಕರೆಂಟು ಕಡಿಯುವ ಸ್ವಿಚ್ಚು, ಇಳಿಸಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಗೊರಗೊರ ನಿಂತರೆ ಕಳ್ಳ ನಿಮ್ಮ ಮನೆಯೊಳಗೇ ಇದ್ದಾನೆ. ಈಗ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬು ಮತ್ತು ಮೊಬೈಲಿನ ಅಗ್ಗದ ಚಾರ್ಜರ್. ಈ ಬಲ್ಬು, ಚಾರ್ಜರ್, ಟಿವಿ, ವೈಫೈ ಅಡಾಪ್ಟರ್ ಎಲ್ಲದರೊಳಗೂ ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಕಡಿದು ಜೋಡಿಸುವ ಸರ್ಕ್ಯೂಟ್ ಇರುತ್ತದೆ. ಹಾಗೆ ಕಡಿಯುವಾಗ ಏಳುವ ಸದ್ದು ಮನೆಯ ವೈರಿಂಗ್ ಉದ್ದಕ್ಕೂ ಹರಿದು, ಭದ್ರಾವತಿಯಂಥ ಸ್ಟೇಷನ್‌ಗಳು ಬರುವ ಮೀಡಿಯಂ ವೇವ್ ಬ್ಯಾಂಡಿನ ಮೇಲೆಯೇ ನೇರವಾಗಿ ಬಂದು ಕೂರುತ್ತದೆ. ಆ ಎರಡನ್ನು ಬದಲಾಯಿಸಿದ್ದರಿಂದಲೇ ನಮ್ಮ ತೊಂದರೆ ಅರ್ಧಕ್ಕರ್ಧ ಇಳಿಯಿತು. ಇದಕ್ಕೆ ಆಂಟೆನಾ ಬೇಕಾಗಲಿಲ್ಲ.

ಮೇನ್ ಇಳಿಸಿದರೂ ಸದ್ದು ನಿಲ್ಲಲಿಲ್ಲವೇ? ಹಾಗಾದರೆ ಅದು ಪಕ್ಕದ ಮನೆಯಿಂದಲೋ ಬೀದಿದೀಪದಿಂದಲೋ ಬರುತ್ತಿದೆ. ಅಲ್ಲಿ ಹೋಗಿ ಸ್ವಿಚ್ ಆರಿಸಲು ಆಗುವುದಿಲ್ಲ. ಲೂಪ್ ಆಂಟೆನಾ ನಿಜವಾಗಿ ಬೇಕಾಗುವುದು ಇಂಥ ಮನೆಗೆ.

ಇನ್ನೊಂದು ಪರೀಕ್ಷೆಯೂ ಇದೆ. ನಿಮಗೆ ಬೇಕಾದ ಸ್ಟೇಷನ್ ಈಗಲೂ ಮೀಡಿಯಂ ವೇವ್‌ನಲ್ಲಿ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಕಾಶವಾಣಿಯ ಕೇಳುಗರು ಎಫ್‌ಎಂ ಕಡೆಗೂ ಮೊಬೈಲ್ ಆ್ಯಪ್ ಕಡೆಗೂ ಹೊರಳುತ್ತಿರುವ ಕಾಲ ಇದು. ರೇಡಿಯೊ ಹಿಡಿದು ಊರಾಚೆ, ಕರೆಂಟು ತಂತಿಗಳಿಂದ ದೂರ, ಕೆರೆ ಏರಿಯ ಮೇಲೋ ಮೈದಾನದಲ್ಲೋ ನಿಂತು ಕೇಳಿ. ಅಲ್ಲಿ ತೆಳುವಾಗಿಯಾದರೂ ಕೇಳಿಸಿದರೆ ಮನೆಯಲ್ಲೂ ಕೇಳಿಸುವ ಆಸೆ ಇದೆ. ಅಲ್ಲೂ ಇಲ್ಲದ ಸ್ಟೇಷನ್ನನ್ನು ಲೂಪ್ ಹುಟ್ಟಿಸಿಕೊಡುವುದಿಲ್ಲ.

ಏನನ್ನು ನೋಡಿ ಆರಿಸಬೇಕು

ಹೆಚ್ಚಿನವರು ಮೊದಲು ನೋಡುವುದು "ಎಷ್ಟು ಜೋರಾಗಿ ಕೇಳುತ್ತದೆ" ಎನ್ನುವುದನ್ನು. ನಾನು ಅದನ್ನು ಕೊನೆಗೆ ಇಡುತ್ತೇನೆ. ಜೋರು ಮಾಡಲು ರೇಡಿಯೊದಲ್ಲೇ ವಾಲ್ಯೂಮ್ ಇದೆ. ನಮಗೆ ಬೇಕಾದದ್ದು ಸ್ಟೇಷನ್ನಿಗೂ ಸದ್ದಿಗೂ ನಡುವಿನ ಅಂತರ ಹೆಚ್ಚುವುದು. ಲೂಪ್ ಇದನ್ನು ಮಾಡುವುದು ದಿಕ್ಕಿನ ಬಲದಿಂದ. ನಿಂತ ಬಾಗಿಲಿನ ಹಾಗೆ ಲೂಪನ್ನು ಕಲ್ಪಿಸಿಕೊಳ್ಳಿ. ಬಾಗಿಲಿನ ಅಂಚು ಯಾವ ಕಡೆ ನೋಡುತ್ತದೋ ಆ ಎರಡೂ ದಿಕ್ಕಿನಿಂದ ಬರುವುದು ಚೆನ್ನಾಗಿ ಕೇಳುತ್ತದೆ. ಬಾಗಿಲಿನ ಹಲಗೆ ನೋಡುವ ಎರಡು ದಿಕ್ಕಿನಿಂದ ಬರುವುದು ಹೆಚ್ಚುಕಡಿಮೆ ಸತ್ತುಹೋಗುತ್ತದೆ. ಕೇಳುವ ದಿಕ್ಕು ಅಗಲವಾಗಿರುತ್ತದೆ, ಸಾಯುವ ದಿಕ್ಕು ಬಹಳ ಕಿರಿದು. ಆದ್ದರಿಂದ ಲೂಪನ್ನು ಸ್ಟೇಷನ್ ಕಡೆಗೆ ತಿರುಗಿಸುವುದಕ್ಕಿಂತ ಸದ್ದು ಸಾಯುವ ಕಡೆಗೆ ತಿರುಗಿಸುವುದರಲ್ಲಿ ಲಾಭ ಹೆಚ್ಚು.

ನಮ್ಮ ಮನೆಯ ಅನುಭವವನ್ನೇ ಹೇಳುತ್ತೇನೆ. ಭದ್ರಾವತಿಯದು 675 ಕಿಲೊಹರ್ಟ್ಸ್. ಅದರ ಪಕ್ಕದ ಮನೆಯೇ 684, ಕೋಳಿಕ್ಕೋಡಿನದು. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು ಒಂಬತ್ತೊಂಬತ್ತು ಕಿಲೊಹರ್ಟ್ಸ್ ಅಂತರದಲ್ಲಿ ಕೂರುವುದರಿಂದ ಇದಕ್ಕಿಂತ ಹತ್ತಿರದ ನೆರೆ ಇರಲಾರದು. ಮೈಸೂರಿನಿಂದ ನೇರವಾಗಿ ಅಳೆದರೆ ಕೋಳಿಕ್ಕೋಡು ಸುಮಾರು 150 ಕಿಲೊಮೀಟರ್, ಭದ್ರಾವತಿ ಸುಮಾರು 200. ಹತ್ತಿರದ್ದು ದೂರದ್ದನ್ನು ತುಳಿಯುತ್ತಿತ್ತು. ಆದರೆ ಒಂದು ನೈಋತ್ಯಕ್ಕೆ, ಇನ್ನೊಂದು ವಾಯವ್ಯಕ್ಕೆ, ಉತ್ತರದ ಕಡೆ ಸ್ವಲ್ಪ ವಾಲಿಕೊಂಡು. ಎರಡರ ನಡುವೆ ಹೆಚ್ಚುಕಡಿಮೆ ಲಂಬಕೋನ. ಲೂಪಿನ ಹಲಗೆಯನ್ನು ಕೋಳಿಕ್ಕೋಡಿನ ಕಡೆ ಮಾಡಿದರೆ ಅಂಚು ತಾನಾಗಿಯೇ ಭದ್ರಾವತಿಯ ಹತ್ತಿರಕ್ಕೆ ಬರುತ್ತದೆ. ಮೊದಲ ದಿನ ಹೀಗೆ ತಿರುಗಿಸಿದಾಗ ಮಲಯಾಳ ಕರಗಿ ಕನ್ನಡ ಮೇಲೆದ್ದಿತು. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಲೂಪಿನ ಪಕ್ಕದಲ್ಲೇ ಕೂತರು.

ಇದು ಹಗಲಿನಲ್ಲೂ ಇಳಿಸಂಜೆಯಲ್ಲೂ ಚೆನ್ನಾಗಿ ನಡೆಯುತ್ತದೆ. ರಾತ್ರಿ ಅಲೆಗಳು ಆಕಾಶಕ್ಕೇರಿ ಬಾಗಿ ಇಳಿಯುವುದರಿಂದ ಸಾಯುವ ದಿಕ್ಕು ಮಸುಕಾಗಿ, ಗಳಿಗೆಗೊಮ್ಮೆ ಅತ್ತಿತ್ತ ಜಾರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ದಿನಗಳಲ್ಲಿ ಎಲ್ಲ ದಿಕ್ಕಿನಿಂದ ಬರುವ ಸಿಡಿಲಿನ ಚಟಚಟವನ್ನೂ ಯಾವ ಲೂಪೂ ತಡೆಯಲಾರದು.

ಎರಡನೆಯದಾಗಿ ನೋಡಬೇಕಾದದ್ದು ನಿಮ್ಮ ರೇಡಿಯೊದೊಳಗೆ ಏನಿದೆ ಎನ್ನುವುದನ್ನು. ಸಾಧಾರಣ ಟ್ರಾನ್ಸಿಸ್ಟರಿನಲ್ಲಿ ಮೀಡಿಯಂ ವೇವ್ ಹಿಡಿಯುವುದು ಒಳಗಿನ ಕಪ್ಪು ಫೆರೈಟ್ ಕಡ್ಡಿ. ಹೊರಗೆ ಎಳೆಯುವ ಕಡ್ಡಿ ಎಫ್‌ಎಂಗೆ, ಶಾರ್ಟ್ ವೇವ್‌ಗೆ ಮಾತ್ರ. ಹಾಗಾಗಿ ಅದಕ್ಕೆ ತಂತಿ ಕಟ್ಟಿದರೆ ಮೀಡಿಯಂ ವೇವ್‌ಗೆ ಏನೂ ಆಗುವುದಿಲ್ಲ. ಒಳಗೆ ಫೆರೈಟ್ ಕಡ್ಡಿ ಇದ್ದರೆ ಲೂಪಿಗೂ ರೇಡಿಯೊಗೂ ತಂತಿಯ ಸಂಪರ್ಕವೇ ಬೇಡ, ಪಕ್ಕದಲ್ಲಿಟ್ಟರೆ ಸಾಕು. ಹೊರ ಆಂಟೆನಾಗೆ ಸಾಕೆಟ್ ಇರುವ ರೇಡಿಯೊ ಅಥವಾ ಕಂಪ್ಯೂಟರಿಗೆ ಹಾಕಿ ಅದರ ಸಾಫ್ಟ್‌ವೇರಿನಲ್ಲಿ ಕೇಳುವ ಎಸ್‌ಡಿಆರ್ ಎಂಬ ರೇಡಿಯೊ ಇದ್ದರೆ ದಾರಿ ಬೇರೆ.

ಮೂರನೆಯದು ನೀವು ಒಂದೆರಡು ಸ್ಟೇಷನ್ ಕೇಳುವವರೋ, ಇಡೀ ಬ್ಯಾಂಡ್ ಸುತ್ತುವವರೋ ಎನ್ನುವುದು. ನಾಲ್ಕನೆಯದು ಜಾಗ. ಕಬ್ಬಿಣದ ಗ್ರಿಲ್, ಆರ್‌ಸಿಸಿ ಗೋಡೆಯೊಳಗಿನ ಸರಳು, ಗೋಡ್ರೆಜ್ ಬೀರು ಇವುಗಳಿಂದ ಲೂಪ್ ಒಂದಷ್ಟು ದೂರ ಇರಬೇಕು. ಕಿಟಕಿಯ ಹತ್ತಿರ, ಆದರೆ ಗ್ರಿಲ್ಲಿಗೆ ಒರಗದಂತೆ ಇಡಲು ನಿಮ್ಮಲ್ಲಿ ಎಷ್ಟು ಜಾಗವಿದೆ ಎಂದು ಅಳೆದು ನೋಡಿ. ದುಡ್ಡಿನ ಮಾತು ಕೊನೆಯದು. ಏಕೆಂದರೆ ಇಲ್ಲಿ ದುಬಾರಿಯದೇ ಒಳ್ಳೆಯದು ಎಂಬ ಲೆಕ್ಕ ನಡೆಯುವುದಿಲ್ಲ.

ಗ್ಯಾಂಗ್ ಹಾಕಿದ ಚೌಕಟ್ಟು

ಇದು ಎಲ್ಲಕ್ಕಿಂತ ಹಳೆಯ ದಾರಿ. ನನ್ನ ಮಟ್ಟಿಗೆ ಹೆಚ್ಚಿನ ಮನೆಗಳಿಗೆ ಸರಿಯಾದ ದಾರಿಯೂ ಇದೇ. ಮರದ ಎರಡು ರೀಪುಗಳನ್ನು ಅಡ್ಡಹಾಕಿ ನಾಲ್ಕು ತುದಿಗೆ ತಂತಿ ಸುತ್ತಿ, ಎರಡು ಕೊನೆಗಳನ್ನು ಗ್ಯಾಂಗ್ ಕಂಡೆನ್ಸರಿಗೆ, ಅಂದರೆ ರೇಡಿಯೊದಲ್ಲಿ ಸ್ಟೇಷನ್ ಬದಲಿಸಲು ತಿರುಗಿಸುವ ಬಿಡಿಭಾಗಕ್ಕೆ, ಸೇರಿಸುವುದು. ಅಷ್ಟೇ. ಸೆಲ್ಲಿಲ್ಲ, ಕರೆಂಟಿಲ್ಲ. ಸುತ್ತು ಮತ್ತು ಗ್ಯಾಂಗ್ ಸೇರಿ ಒಂದು ಕಂಪನಾಂಕಕ್ಕೆ ಶ್ರುತಿಯಾಗುತ್ತವೆ. ತಂಬೂರಿಯ ಬಿರಡೆ ತಿರುಗಿಸಿದ ಹಾಗೆ ಗ್ಯಾಂಗ್ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಸ್ಟೇಷನ್ ಥಟ್ಟನೆ ಎದ್ದುಬರುತ್ತದೆ.

ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಜನ ಗೊಂದಲಕ್ಕೆ ಬೀಳುವುದೇ ಇಲ್ಲಿ. ಮೀಡಿಯಂ ವೇವ್ ನಮ್ಮಲ್ಲಿ 531ರಿಂದ 1602 ಕಿಲೊಹರ್ಟ್ಸ್‌ವರೆಗೆ. 365 ಪಿಕೊಫ್ಯಾರಡ್ (ಕಂಡೆನ್ಸರಿನ ಅಳತೆ) ಗ್ಯಾಂಗ್ ಇದ್ದರೆ ಇದಕ್ಕೆ ಸುಮಾರು 235 ಮೈಕ್ರೊಹೆನ್ರಿಯ (ತಂತಿಸುತ್ತಿನ ಅಳತೆ) ಸುತ್ತು ಬೇಕು. ತಂತಿಗಳ ನಡುವೆ 3 ಮಿಲಿಮೀಟರ್ ಬಿಟ್ಟು ಸುತ್ತಿದರೆ, 30 ಸೆಂಟಿಮೀಟರ್ ಚೌಕಕ್ಕೆ 20 ಸುತ್ತು, 45ಕ್ಕೆ 15, 60ಕ್ಕೆ 12, 90ಕ್ಕೆ 9 ಸುತ್ತು ಆಗುತ್ತದೆ. ಇದನ್ನು ಮೊದಲು ಲೆಕ್ಕ ಹಾಕಿದಾಗ ನನಗೇ ಅಚ್ಚರಿಯಾಗಿತ್ತು: ಚೌಕ ಮೂರು ಪಟ್ಟು ದೊಡ್ಡದಾದರೂ ತಂತಿ 24 ಮೀಟರಿನಿಂದ 32 ಮೀಟರಿಗೆ ಏರುತ್ತದೆ, ಅಷ್ಟೇ. ತಂತಿಯ ಖರ್ಚು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ಹಿಡಿಯುವ ಶಕ್ತಿ ಮಾತ್ರ ಬೇರೆ. ಸುತ್ತಿನ ಎಣಿಕೆಯನ್ನು ಚೌಕದ ವಿಸ್ತೀರ್ಣದಿಂದ ಗುಣಿಸಿ ನೋಡಿದರೆ, 30 ಸೆಂಟಿಮೀಟರಿನದು ಒಂದು ಪಾಲು ಹಿಡಿಯುವ ಕಡೆ 45ರದು ಒಂದೂಮುಕ್ಕಾಲು ಪಾಲಿನ ಹತ್ತಿರ, 60ರದು ಎರಡೂವರೆಯ ಹತ್ತಿರ, 90ರದು ನಾಲ್ಕು ಪಾಲು ಹಿಡಿಯುತ್ತದೆ.

ಹಾಗಾದರೆ ಎಲ್ಲರೂ 90 ಕಟ್ಟಬೇಕೇ? ಬೇಡ. ಒಂದು ಕೋಣೆಯಲ್ಲಿ 90 ಸೆಂಟಿಮೀಟರಿನ ಚೌಕಟ್ಟನ್ನು ಸುತ್ತಲೂ ತಿರುಗಿಸಲು ಜಾಗ ಬೇಕು. ತಿರುಗಿಸಲಾಗದೆ ಗೋಡೆಗೆ ನೇತುಹಾಕಿದ ದೊಡ್ಡ ಲೂಪಿಗಿಂತ ಮೇಜಿನ ಮೇಲೆ ಸರಾಗವಾಗಿ ತಿರುಗುವ 45ರದು ಎಷ್ಟೋ ಮೇಲು. ನಮ್ಮ ಮನೆಯಲ್ಲಿ ಉಳಿದುಕೊಂಡದ್ದು 60ರದು. ಜಾಗ ಕಡಿಮೆ ಇದ್ದಿದ್ದರೆ ನಾನು 45ಕ್ಕೆ ಇಳಿಯುತ್ತಿದ್ದೆ, ಅದಕ್ಕಿಂತ ಕೆಳಗೆ ಒಲ್ಲದ ಮನಸ್ಸಿನಿಂದ ಮಾತ್ರ. ಇಲ್ಲಿ ಇನ್ನೊಂದು ಮಾತು. ಮುರಿದ ಕ್ಯಾರಂ ಬೋರ್ಡು ಅಟ್ಟದ ಮೇಲೆ ಬಿದ್ದಿದೆಯೇ? ಅದರ ಮರದ ಚೌಕಟ್ಟು ಇದಕ್ಕೆಂದೇ ಮಾಡಿದ ಹಾಗಿರುತ್ತದೆ. ಹೊರ ಅಂಚು 80 ಸೆಂಟಿಮೀಟರಿನ ಆಸುಪಾಸು ಇದ್ದರೆ 10 ಸುತ್ತು ಸಾಕು.

ತಂತಿಗೆ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ. 24 ಗೇಜಿನ ವೈಂಡಿಂಗ್ ವೈರ್ ತೂಕದ ಲೆಕ್ಕದಲ್ಲಿ ಸಿಗುತ್ತದೆ. 30 ಮೀಟರಿಗೆ 70 ಗ್ರಾಂ ಒಳಗೇ ಆಗುತ್ತದೆ. 22 ಗೇಜ್ ತೆಗೆದುಕೊಂಡರೆ 110 ಗ್ರಾಂ ಹತ್ತಿರ, ಸ್ವಲ್ಪ ಗಟ್ಟಿ, ಬಿಗಿಯಾಗಿ ನಿಲ್ಲುತ್ತದೆ. ತುದಿಯ ವಾರ್ನಿಷನ್ನು ಬ್ಲೇಡಿನಿಂದ ಕೆರೆದು ತಾಮ್ರ ಹೊಳೆದ ಮೇಲೆಯೇ ಸೋಲ್ಡರ್ ಮಾಡಿ. ಕೆಲಸ ಮಾಡದ ಲೂಪುಗಳನ್ನು ನನ್ನ ಹತ್ತಿರ ತಂದವರಲ್ಲಿ ಹೆಚ್ಚಿನವರ ತಪ್ಪು ಅಲ್ಲೇ ಇತ್ತು. ತುದಿಗಳಲ್ಲಿ ತಂತಿ ಕೂರಲು ಗರಗಸದಿಂದ 3 ಮಿಲಿಮೀಟರಿಗೊಂದು ಕಚ್ಚು ಕೊರೆಯಬೇಕು. ತಂತಿಗಳನ್ನು ಒತ್ತೊತ್ತಾಗಿ ಸುತ್ತಿದರೆ ಅವುಗಳ ನಡುವೆಯೇ ಕಂಡೆನ್ಸರ್ ಗುಣ ಹುಟ್ಟಿ, ಬ್ಯಾಂಡಿನ ಮೇಲಿನ ಕೊನೆ ಕೈಗೆ ಸಿಗದೆ ಹೋಗುತ್ತದೆ.

ಗ್ಯಾಂಗ್ ಎರಡು ಬಗೆ. ಹಳೆಯ ವಾಲ್ವ್ ರೇಡಿಯೊದ ಲೋಹದ ರೆಕ್ಕೆಗಳ ಗಾಳಿ ಗ್ಯಾಂಗ್ ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ. ಟ್ರಾನ್ಸಿಸ್ಟರಿನ ಪ್ಲಾಸ್ಟಿಕ್ ಗ್ಯಾಂಗ್ ರೇಡಿಯೊ ರಿಪೇರಿಯವರ ಹತ್ತಿರ ಸಿಗುತ್ತದೆ, ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಅದರ ಎರಡೂ ಭಾಗಗಳನ್ನು ಒಟ್ಟಿಗೆ ಸೇರಿಸಿಕೊಳ್ಳಿ. ಪುಟ್ಟ ಪಾಕೆಟ್ ರೇಡಿಯೊದ್ದಾದರೆ ಎರಡೂ ಸೇರಿ 200 ಪಿಕೊಫ್ಯಾರಡ್ ಅಷ್ಟೇ ಇರಬಹುದು. ಆಗ 60ರ ಚೌಕಕ್ಕೆ 12ರ ಬದಲು 16ರಿಂದ 17 ಸುತ್ತು ಬೇಕಾಗುತ್ತದೆ, ಬ್ಯಾಂಡಿನ ಮೇಲಿನ ಕೊನೆ ತಪ್ಪಬಹುದು. ಅದಕ್ಕೆ ಕೊರಗಬೇಡಿ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ನಮಗೆ ಬೇಕಾದವೆಲ್ಲ ಬ್ಯಾಂಡಿನ ಕೆಳಗಿನ ಅರ್ಧದಲ್ಲೂ ನಡುವಿನಲ್ಲೂ ಇವೆ.

ಕಟ್ಟಿದ ಮೇಲೆ ಕೆಳಗಿನ ಸ್ಟೇಷನ್ ಸಿಗದಿದ್ದರೆ ಒಂದು ಸುತ್ತು ಸೇರಿಸಿ, ಮೇಲಿನದು ಸಿಗದಿದ್ದರೆ ಒಂದು ಸುತ್ತು ಬಿಚ್ಚಿ. ರೇಡಿಯೊವನ್ನು ಲೂಪಿನ ಪಕ್ಕದಲ್ಲಿ ಇಡುವಾಗ ಒಳಗಿನ ಫೆರೈಟ್ ಕಡ್ಡಿ ಲೂಪಿನ ಹಲಗೆಗೆ ಚುಚ್ಚುವ ಹಾಗೆ ಇರಬೇಕು, ಹಲಗೆಗೆ ಸಮಾನಾಂತರವಾಗಿ ಅಲ್ಲ. ಹಾಗಿದ್ದಾಗ ಎರಡರ ಸಾಯುವ ದಿಕ್ಕೂ ಒಂದೇ ಆಗುತ್ತದೆ, ಒಟ್ಟಿಗೆ ತಿರುಗಿಸಬಹುದು. ಇದಕ್ಕೆ ನಾನು ಹಳೆಯ ತಿರುಗುವ ಸ್ಟೂಲ್ ಬಳಸುತ್ತೇನೆ.

ಇದರ ಕೊರತೆ ಏನು? ಪ್ರತಿ ಸ್ಟೇಷನ್ನಿಗೂ ರೇಡಿಯೊ ಒಮ್ಮೆ, ಗ್ಯಾಂಗ್ ಒಮ್ಮೆ ತಿರುಗಿಸಬೇಕು. ಶ್ರುತಿ ಚೂಪಾಗಿರುವುದರಿಂದ ಹಾಡಿನ ತಾರಸ್ವರಗಳು ಸ್ವಲ್ಪ ಮಂಕಾಗುತ್ತವೆ. ಮಾತಿಗೆ, ವಾರ್ತೆಗೆ, ಕೃಷಿರಂಗಕ್ಕೆ ಇದು ತೊಂದರೆಯೇ ಅಲ್ಲ. ಸಂಗೀತ ಕೇಳುವಾಗ ಲೂಪನ್ನು ಒಂದು ಗೇಣು ದೂರ ಸರಿಸಿದರೆ ಸರಿಹೋಗುತ್ತದೆ. ಪ್ರಸಾರ ಗೋಪುರದ ಹತ್ತಿರದಲ್ಲಿ ಇರುವವರಿಗೆ ರೇಡಿಯೊ ಉಬ್ಬಸಪಡುವುದೂ ಉಂಟು. ಅಲ್ಲೂ ಮದ್ದು ದೂರ ಸರಿಸುವುದೇ.

ಖರ್ಚು ಒಟ್ಟು ಐನೂರು ರೂಪಾಯಿ ಒಳಗೆ ಮುಗಿಸಬಹುದು, ಮರ ಮನೆಯಲ್ಲೇ ಇದ್ದರೆ ಇನ್ನೂ ಕಡಿಮೆ. ಮೊದಲ ಸಲ ಕಟ್ಟುವವರಿಗೆ ಒಂದು ಭಾನುವಾರ ಬೇಕು.

ರಟ್ಟಿನ ಪೆಟ್ಟಿಗೆ

ಇದು ಬೇರೆ ಬಗೆಯೇನಲ್ಲ, ಮೇಲೆ ಹೇಳಿದ್ದರ 30 ಸೆಂಟಿಮೀಟರಿನ ರೂಪ. ಪಿಜಿ ಕೋಣೆಯಲ್ಲಿ ಇರುವವರು, ಮರಗೆಲಸ ಒಲ್ಲದವರು, ಮಕ್ಕಳಿಗೆ ತೋರಿಸಬೇಕೆನ್ನುವವರು ಇದರಿಂದ ಶುರು ಮಾಡಬಹುದು. ಮಳೆಗಾಲದ ತೇವಕ್ಕೆ ರಟ್ಟು ಸೊರಗಿ ಸುತ್ತು ಸಡಿಲಾಗುತ್ತದೆ, ಶ್ರುತಿ ಜಾರುತ್ತದೆ. ಕರಾವಳಿಯಲ್ಲಿ ಒಂದು ಮಳೆಗಾಲ ದಾಟುವುದು ಕಷ್ಟ. ಅದೇ ತಂತಿ, ಅದೇ ಗ್ಯಾಂಗ್ ಮುಂದೆ ದೊಡ್ಡ ಚೌಕಟ್ಟಿಗೆ ಬರುತ್ತವಾದ್ದರಿಂದ ದುಡ್ಡು ದಂಡವಾಗುವುದಿಲ್ಲ.

ಫೆರೈಟ್ ಕಡ್ಡಿ

ಗುಜರಿ ರೇಡಿಯೊಗಳಿಂದ ಬಿಚ್ಚಿದ 10 ಮಿಲಿಮೀಟರ್ ದಪ್ಪದ, ಒಂದು ಗೇಣುದ್ದದ ಕಡ್ಡಿಗೆ ತಂತಿ ಸುತ್ತಿ ಗ್ಯಾಂಗ್ ಹಾಕಿದರೆ ಅದೂ ಲೂಪೇ. ಫೆರೈಟ್ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಒಳಗೆಳೆದುಕೊಳ್ಳುವುದರಿಂದ ಸಣ್ಣ ಜಾಗದಲ್ಲಿ ಕೆಲಸ ಆಗುತ್ತದೆ. ಕಡ್ಡಿ ದಪ್ಪವಾಗುವುದಕ್ಕಿಂತ ಉದ್ದವಾಗುವುದರಲ್ಲಿ ಲಾಭ ಹೆಚ್ಚು. ಎರಡು ಕಡ್ಡಿಗಳನ್ನು ತುದಿಗೆ ತುದಿ ಅಂಟಿಸಿ ನೋಡಿ, ಪಕ್ಕಪಕ್ಕ ಕಟ್ಟಿದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಕೆಳಗೆ ಬಿದ್ದರೆ ಗಾಜಿನ ಹಾಗೆ ಎರಡು ತುಂಡು.

ಇದರ ನಿಜವಾದ ಬಲ ಚೊಕ್ಕವಾಗಿ ಸಾಯುವ ದಿಕ್ಕು. ಕೈಯಲ್ಲಿ ಹಿಡಿದು ಆಚೆ ಈಚೆ ವಾಲಿಸಬಹುದಾದ್ದರಿಂದ ಸದ್ದಿನ ಮೂಲವನ್ನು ಬೆರಳಿಟ್ಟು ತೋರಿಸಿದ ಹಾಗೆ ಹುಡುಕಬಹುದು. ಆದರೆ ದೂರದ ತೆಳು ಸ್ಟೇಷನ್ನಿಗೆ ಒಂದೆರಡು ಕಡ್ಡಿ ಸಾಲದು, 60ರ ಚೌಕಟ್ಟಿನ ಹತ್ತಿರಕ್ಕೂ ಬರುವುದಿಲ್ಲ. ಹತ್ತಾರು ಕಡ್ಡಿಗಳನ್ನು ಡ್ರಮ್ಮಿನ ಸುತ್ತ ಜೋಡಿಸಿ ಕಟ್ಟುವ ದೊಡ್ಡ ಫೆರೈಟ್ ಲೂಪುಗಳು ಅಸಾಧ್ಯವಾದದ್ದನ್ನೂ ಹಿಡಿಯುತ್ತವೆ. ಅಷ್ಟು ಫೆರೈಟ್ ಕೊಳ್ಳುವ ದುಡ್ಡಿನಲ್ಲಿ ಒಂದು ಒಳ್ಳೆಯ ರೇಡಿಯೊ ಬರುತ್ತದೆ. ಊರೂರು ತಿರುಗುವ ಕೆಲಸದಲ್ಲಿದ್ದು ಚೀಲದಲ್ಲಿ ಹಿಡಿಸುವುದೇ ಬೇಕೆನ್ನುವವರಿಗೆ ಕಡ್ಡಿಯನ್ನು ಹೇಳುತ್ತೇನೆ, ಉಳಿದವರಿಗೆ ಇಲ್ಲ.

ರೆಡಿಮೇಡ್ ಲೂಪ್

ಟೆಕ್ಸನ್ ಎಎನ್-200 ಎಂಬ ತಟ್ಟೆಯಗಲದ ದುಂಡನೆ ಲೂಪ್ ಇದೆ. 520ರಿಂದ 1710 ಕಿಲೊಹರ್ಟ್ಸ್‌ವರೆಗೆ ಶ್ರುತಿಯಾಗುತ್ತದೆ, ಸೆಲ್ ಬೇಡ, ರೇಡಿಯೊ ಪಕ್ಕದಲ್ಲಿಟ್ಟರೆ ಸಾಕು. ಒಳಗಿರುವುದು ನಾವು ಕಟ್ಟುವ ಅದೇ ಸುತ್ತು, ಅದೇ ಗ್ಯಾಂಗ್. ವಿದೇಶದಿಂದ ತರಿಸುವ ಖರ್ಚು ಸೇರಿದರೆ ಸಾವಿರಗಳ ಮಾತು. ನೀವೇ ಕಟ್ಟಿದ 45ರ ಚೌಕಟ್ಟು ಇದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಹಿಡಿಯುತ್ತದೆ. ಹಾಗೆಂದು ಇದನ್ನು ತಳ್ಳಿಹಾಕುವುದಿಲ್ಲ. ಕೈ ನಡುಗುವ, ಕಣ್ಣು ಮಸುಕಾದ ಹಿರಿಯರು ಒಬ್ಬರೇ ಇರುವ ಮನೆಯಲ್ಲಿ, ಕಟ್ಟಿಕೊಡುವವರು ಯಾರೂ ಇಲ್ಲದಿದ್ದರೆ, ಇದು ಉಡುಗೊರೆಯಾಗಿ ತಕ್ಕದ್ದು. ಅಂದವಾಗಿದೆ, ಟಿವಿ ಪಕ್ಕದಲ್ಲಿ ಇಟ್ಟರೂ ಯಾರೂ ಬೇಡವೆನ್ನುವುದಿಲ್ಲ. ಆದರೆ ಟಿವಿ ಪಕ್ಕದಲ್ಲಿ ಮಾತ್ರ ಇಡಬೇಡಿ.

ಆಂಪ್ಲಿಫೈಯರ್ ಇರುವ ಒಂದು ಸುತ್ತಿನ ಲೂಪ್

ಎಂಎಲ್‌ಎ-30 ಎಂಬ ಹೆಸರಿನಲ್ಲಿ ಆನ್‌ಲೈನಿನಲ್ಲಿ ಸಿಗುವಂಥದ್ದು. ತೆಳು ಲೋಹದ ತಂತಿಯ ಒಂದೇ ಸುತ್ತು, ಬುಡದಲ್ಲಿ ಆಂಪ್ಲಿಫೈಯರ್, ಅಲ್ಲಿಂದ ಕೇಬಲ್. ಇದಕ್ಕೆ ಶ್ರುತಿ ಮಾಡುವ ರಗಳೆಯಿಲ್ಲ. ಮೀಡಿಯಂ ವೇವ್‌ನಿಂದ ಶಾರ್ಟ್ ವೇವ್‌ನ ಕೊನೆಯವರೆಗೂ ಒಂದೇ ಸಲಕ್ಕೆ ಬರುತ್ತದೆ. ಎಸ್‌ಡಿಆರ್ ಇಟ್ಟುಕೊಂಡು ಇಡೀ ಬ್ಯಾಂಡನ್ನು ಪರದೆಯ ಮೇಲೆ ನೋಡುವವರಿಗೆ ಇದಕ್ಕಿಂತ ಅನುಕೂಲವಿಲ್ಲ. ಲೂಪನ್ನು ಬಾಲ್ಕನಿಯಲ್ಲಿ, ಮನೆಯ ಸದ್ದಿನಿಂದ ದೂರ ಇಟ್ಟು, ಕೇಬಲ್ ಮಾತ್ರ ಒಳಗೆ ತರಬಹುದು ಎನ್ನುವುದೇ ಇದರ ದೊಡ್ಡ ಗುಣ.

ಮೂರು ಎಚ್ಚರಿಕೆಗಳಿವೆ. ಸಾಕೆಟ್ ಇಲ್ಲದ ಪಾಕೆಟ್ ರೇಡಿಯೊಗೆ ಇದು ಬೇಡ. ಆಂಪ್ಲಿಫೈಯರಿಗೆ ಕರೆಂಟು ಕೊಡುವ ಯುಎಸ್‌ಬಿ ಚಾರ್ಜರೇ ಸದ್ದು ಮಾಡಿದರೆ, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಬ್ಯಾಟರಿಯೋ ತೂಕದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರೋ ಒಳ್ಳೆಯದು. ಬೇಕಾದ ವೋಲ್ಟೇಜ್ ಎಷ್ಟೆಂದು ನೋಡಿಕೊಂಡೇ ಕೊಡಿ. ಮೂರನೆಯದಾಗಿ, ಶ್ರುತಿಯಿಲ್ಲದ ಲೂಪ್ ಎಲ್ಲವನ್ನೂ ಒಟ್ಟಿಗೆ ಹೀರುತ್ತದೆ. ಬೆಂಗಳೂರಿನಲ್ಲಿ 612ರ ಪ್ರಸಾರ ಗೋಪುರಕ್ಕೆ ಹತ್ತಿರದವರಿಗೆ ಆ ಒಂದು ಸ್ಟೇಷನ್ ಇರಬಾರದ ಜಾಗಗಳಲ್ಲೆಲ್ಲ ಕಾಣಿಸಿಕೊಳ್ಳಬಹುದು. ಒಂದನ್ನೇ ಆರಿಸುವ ಗ್ಯಾಂಗ್ ಲೂಪಿಗೆ ಈ ಕಷ್ಟ ಕಡಿಮೆ.

"ಶೀಲ್ಡ್ ಲೂಪ್ ಕಟ್ಟಿದರೆ ಸದ್ದೇ ಬರುವುದಿಲ್ಲವಂತೆ" ಎಂದು ಕೆಲವರು ಕೇಳುತ್ತಾರೆ. ಕೇಬಲಿನ ಒಳಗೆ ಸುತ್ತನ್ನು ಮುಚ್ಚಿಡುವುದರಿಂದ ಲೂಪಿನ ಎರಡು ಬದಿ ಸರಿಸಮನಾಗಿ, ಸಾಯುವ ದಿಕ್ಕು ಚೊಕ್ಕವಾಗುತ್ತದೆ. ಲಾಭ ಅದು. ಒಂದೇ ಅಡಿ ದೂರದ ಚಾರ್ಜರಿನ ಕಾಂತಕ್ಷೇತ್ರವನ್ನು ಅದು ತಡೆಯುವುದಿಲ್ಲ. ಸಾಧಾರಣ ಚೌಕಟ್ಟನ್ನು ಅಂದವಾಗಿ ಸಮನಾಗಿ ಕಟ್ಟಿದರೆ ಮನೆಬಳಕೆಗೆ ವ್ಯತ್ಯಾಸ ಕಾಣುವುದೇ ಕಷ್ಟ.

ಶಾರ್ಟ್ ವೇವ್ ಕೇಳುವವರಿಗೆ

ಇವರಿಗೆ ಮೇಲಿನ ಹನ್ನೆರಡು ಸುತ್ತು ಕೆಲಸಕ್ಕೆ ಬಾರದು. ಒಂದು ಮೀಟರ್ ವ್ಯಾಸದ ಒಂದೇ ಸುತ್ತು, ಅದೇ 365 ಪಿಕೊಫ್ಯಾರಡ್ ಗ್ಯಾಂಗ್: ಸುಮಾರು 5ರಿಂದ 20 ಮೆಗಾಹರ್ಟ್ಸ್‌ವರೆಗೆ ಶ್ರುತಿಯಾಗುತ್ತದೆ. ಬೆಳಗಿನ ಹೊತ್ತು 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಿಕೊಳ್ಳುವ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರನ್ನು ಕೇಳಲು ಇದು ಬಹಳ ಹಿತ, ರೇಡಿಯೊದಲ್ಲಿ ಅವರು ಬಳಸುವ ಎಸ್‌ಎಸ್‌ಬಿ ಬಗೆಯ ಪ್ರಸಾರ ಹಿಡಿಯುವ ಸೌಲಭ್ಯ ಇರಬೇಕು ಅಷ್ಟೆ. ಸುತ್ತಿಗೆ ಎಸಿ ರಿಪೇರಿಯವರ ತಾಮ್ರದ ಕೊಳವೆ ಉತ್ತಮ. ಡಿಶ್ ಟಿವಿಯ ಕೇಬಲ್ ಅಗ್ಗ, ಮೂರೂಕಾಲು ಮೀಟರ್ ಸಾಕು. ಆದರೆ ಅದರ ಹೊರ ಹೆಣಿಗೆ ಸಾಮಾನ್ಯವಾಗಿ ಅಲ್ಯುಮಿನಿಯಂ, ಸೋಲ್ಡರ್ ಹಿಡಿಯುವುದಿಲ್ಲ. ಸ್ಕ್ರೂ ಹಾಕಿ ಬಿಗಿಯಬೇಕು. ದೊಡ್ಡ ಸುತ್ತಿನೊಳಗೆ, ಗ್ಯಾಂಗ್ ಇರುವ ಜಾಗಕ್ಕೆ ಎದುರುಬದಿಯಲ್ಲಿ, 20 ಸೆಂಟಿಮೀಟರಿನ ಪುಟ್ಟ ಸುತ್ತೊಂದನ್ನು ಕಟ್ಟಿ ಅದರ ಎರಡು ತುದಿಯನ್ನು ರೇಡಿಯೊ ಸಾಕೆಟ್ಟಿಗೆ ಕೊಡಿ.

ಎಫ್‌ಎಂ ಮಾತ್ರ ಕೇಳುವವರು ಇಷ್ಟು ಓದಿದ್ದರೆ ಕ್ಷಮಿಸಿ, ನಿಮಗೆ ಲೂಪ್ ಬೇಡ. 75 ಸೆಂಟಿಮೀಟರಿನ ಎರಡು ತಂತಿ ಎರಡು ಕಡೆ ಚಾಚಿದ ಡೈಪೋಲ್ ಕಿಟಕಿಯ ಬಳಿ ಹಾಕಿ.

ಮಲೆನಾಡಿನ ಒಂಟಿ ಮನೆಯವರಿಗೂ ಒಂದು ಮಾತು. ಸುತ್ತ ಸದ್ದು ಮಾಡುವ ಮನೆಗಳೇ ಇಲ್ಲದಿದ್ದರೆ ಲೂಪಿನ ದಿಕ್ಕಿನ ಬಲ ನಿಮಗೆ ಅಷ್ಟು ಬೇಕಾಗಿಲ್ಲ. ಹಾಗೆಂದು ಮರದಿಂದ ಮರಕ್ಕೆ ತಂತಿ ಎಳೆಯಲು ಹೋಗಬೇಡಿ. ಅಲ್ಲಿಯ ಸಿಡಿಲು ನಿಮಗೇ ಗೊತ್ತು. ಸೂರಿನ ಒಳಗೇ ಇರುವ 60ರ ಚೌಕಟ್ಟು ಸಾಕು.

ನಾನು ಹೇಗೆ ಆರಿಸಿಕೊಡುತ್ತೇನೆ

ಪಾಕೆಟ್ ರೇಡಿಯೊ, ಒಂದೆರಡು ಕನ್ನಡ ಸ್ಟೇಷನ್, ಸಾಧಾರಣ ಮನೆ ಎಂದರೆ 45 ಅಥವಾ 60ರ ಚೌಕಟ್ಟು. ಎರಡನೇ ಮಾತಿಲ್ಲ. ಪಿಜಿ ಹುಡುಗ, ಮೂರು ತಿಂಗಳಿಗೊಮ್ಮೆ ಕೋಣೆ ಬದಲಾಯಿಸುತ್ತಾನೆ ಎಂದರೆ ರಟ್ಟಿನ ಪೆಟ್ಟಿಗೆ, ಇಲ್ಲವೇ ಕಡ್ಡಿ. ಎಸ್‌ಡಿಆರ್ ಇದೆ, ಬಾಲ್ಕನಿ ಇದೆ, ಎರಡು ಮೂರು ಸಾವಿರ ಖರ್ಚಿಗೆ ಸಿದ್ಧ ಎಂದರೆ ಆಂಪ್ಲಿಫೈಯರಿನ ಲೂಪ್. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಧಾರವಾಡವನ್ನೇ ಕೇಳಬೇಕು ಎನ್ನುವವರಿಗೆ 90ರದನ್ನು ಹೇಳುತ್ತೇನೆ, ಹಾಲಿನಲ್ಲಿ ತಿರುಗಿಸಲು ಜಾಗ ಇದೆಯೇ ಎಂದು ಕೇಳಿದ ಮೇಲೆ. ಅದೂ ಹಗಲಲ್ಲಿ ಮನೆಮನೆಗೂ ಸಿಗುತ್ತದೆಂದು ಹೇಳಲಾರೆ. ಸೂರ್ಯ ಮುಳುಗಿದ ಮೇಲೆ ಆಸೆ ಹೆಚ್ಚು.

ನೀವೇ ಕಟ್ಟುವುದಾದರೆ ಮೊದಲು ಗ್ಯಾಂಗ್ ಹುಡುಕಿ. ಮರ, ತಂತಿ ಎಲ್ಲೂ ಸಿಗುತ್ತವೆ. ಗ್ಯಾಂಗ್ ಮಾತ್ರ ರಿಪೇರಿ ಅಂಗಡಿಗಳು ಮುಚ್ಚುತ್ತಿದ್ದ ಹಾಗೆ ಅಪರೂಪವಾಗುತ್ತಿದೆ. ನಿಮಗೆ ಸಿಕ್ಕ ಗ್ಯಾಂಗ್ 200ರದೋ 365ರದೋ ಎಂದು ತಿಳಿದ ಮೇಲೆಯೇ ಸುತ್ತು ಎಷ್ಟೆಂದು ಹೇಳಲು ಬರುವುದು. ಲೂಪ್ ಕೆಲಸ ಮಾಡತೊಡಗಿದ ದಿನ ಗ್ಯಾಂಗಿನ ಗುಂಡಿಯ ಸುತ್ತ ರಟ್ಟು ಅಂಟಿಸಿ ಸ್ಟೇಷನ್‌ಗಳ ಜಾಗ ಪೆನ್ಸಿಲಿನಲ್ಲಿ ಗುರುತು ಮಾಡಿ, ನೆಲದ ಮೇಲೆ ಪ್ರತಿಯೊಂದರ ದಿಕ್ಕಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ನಮ್ಮ ಮನೆಯಲ್ಲಿ ಅಪ್ಪ 675 ಎಂದು ಬರೆದಿಲ್ಲ, "ಊರು" ಎಂದು ಬರೆದುಕೊಂಡಿದ್ದಾರೆ.